ಲಾಕ್‌ಡೌನ್ ತೆರವಾದ ಮೇಲೆ ಕರ್ನಾಟಕದ ಜನ ಅಂತರ ಕಾಯ್ದುಕೊಂಡರೇ? ಪದೇ ಪದೇ ಕೇಳುವ ಪ್ರಶ್ನೆಗಳು

ಕೊರೊನಾ ಕಾಲದ ಮಾತು ಬಂದಾಗಲೆಲ್ಲ "ನಮ್ಮ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ" ಎಂದು ಯಾರಾದರೊಬ್ಬರು ತೀರ್ಪು ಕೊಟ್ಟುಬಿಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ನಿಲ್ಲಲು ಜಾಗ ಇದ್ದ ಕಡೆ, ಯಾಕೆ ಎಂದು ತಿಳಿಸಿ ಹೇಳಿದ ಕಡೆ, ನಾಳೆಯ ಕೂಲಿಯ ಚಿಂತೆ ಇಲ್ಲದ ಕಡೆ ಜನ ಅಂತರ ಕಾಯ್ದುಕೊಂಡರು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಮುರಿದುಬಿತ್ತು. ಕೆಳಗಿನ ಉತ್ತರಗಳನ್ನು ಈ ನಂಬಿಕೆಯಿಂದಲೇ ಬರೆದಿದ್ದೇನೆ.

ಕರ್ನಾಟಕದಲ್ಲಿ ಲಾಕ್‌ಡೌನ್ ಯಾವಾಗ ಶುರುವಾಗಿ ಯಾವಾಗ ಮುಗಿಯಿತು?

ಇದ್ದದ್ದು ಒಂದೇ ಲಾಕ್‌ಡೌನ್ ಆಗಿರಲಿಲ್ಲ, ಗೊಂದಲ ಆಗುವುದೇ ಅದರಿಂದ. 2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದು ಕೋವಿಡ್‌ನಿಂದ ದೇಶದಲ್ಲಾದ ಮೊದಲ ಸಾವು ಎಂದು ಎರಡು ದಿನದ ನಂತರ ಖಚಿತವಾಯಿತು. ಕೂಡಲೇ ರಾಜ್ಯ ಸರ್ಕಾರ ಮಾಲ್, ಚಿತ್ರಮಂದಿರ, ಪಬ್‌ಗಳನ್ನು ಒಂದು ವಾರ ಮುಚ್ಚಿಸಿತು. ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ, ಮಾರ್ಚ್ 25ರ ಯುಗಾದಿಯಂದು ದೇಶಕ್ಕೆಲ್ಲ ಲಾಕ್‌ಡೌನ್. 21 ದಿನ ಎಂದು ಹೇಳಿದ್ದು ಮೇ 3, ಮೇ 17, ಮೇ 31 ಎಂದು ಬೆಳೆಯುತ್ತ ಹೋಯಿತು. ಜೂನ್ 8ರಿಂದ ದೇವಸ್ಥಾನ, ಹೋಟೆಲ್, ಮಾಲ್ ತೆರೆದವು. ಜುಲೈ 14ರಿಂದ 22ರವರೆಗೆ ಬೆಂಗಳೂರಿಗೆ ಮತ್ತೆ ಬೀಗ ಬಿತ್ತು. 2021ರ ಏಪ್ರಿಲ್ 27ರಿಂದ ಎರಡನೇ ಅಲೆಯ ನಿರ್ಬಂಧ, ಜೂನ್ 14ರಿಂದ ಹಂತ ಹಂತವಾಗಿ ತೆರವು. 2022ರ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ. ವಿಪತ್ತು ನಿರ್ವಹಣಾ ಕಾಯ್ದೆಯಡಿ ಕೇಂದ್ರ ಹೊರಡಿಸಿದ್ದ ಆದೇಶಗಳು 2022ರ ಮಾರ್ಚ್ 31ಕ್ಕೆ ಕೊನೆಗೊಂಡವು.

ಮೊದಮೊದಲು ಅಷ್ಟು ಗಟ್ಟಿಯಾಗಿ ಮನೆಯಲ್ಲಿ ಕೂತ ಜನ ಆಮೇಲೆ ಯಾಕೆ ಬದಲಾದರು?

ಮೊದಲ ವಾರಗಳಲ್ಲಿ ಕಾಯಿಲೆಯ ಭಯಕ್ಕಿಂತ ಕಾಯಿಲೆಯವರು ಎಂಬ ಹಣೆಪಟ್ಟಿಯ ಭಯ ದೊಡ್ಡದಿತ್ತು. ಹೊರದೇಶದಿಂದ ಬಂದವರ ಕೈಗೆ ಅಳಿಸದ ಶಾಯಿಯ ಮುದ್ರೆ ಹಾಕುತ್ತಿದ್ದರು. ಹೋಂ ಕ್ವಾರಂಟೈನ್‌ನಲ್ಲಿದ್ದವರು ರಾತ್ರಿ ಹೊತ್ತು ಬಿಟ್ಟರೆ ಗಂಟೆಗೊಮ್ಮೆ ಸೆಲ್ಫಿ ತೆಗೆದು ಸರ್ಕಾರದ ಆ್ಯಪ್‌ಗೆ ಕಳಿಸಬೇಕಿತ್ತು. ಒಂದು ಮನೆಯಲ್ಲಿ ಪಾಸಿಟಿವ್ ಬಂದರೆ ಬೀದಿಗೆ ತಗಡು ಹೊಡೆದು ಸೀಲ್‌ಡೌನ್ ಮಾಡುತ್ತಿದ್ದರು, ಮನೆ ಬಾಗಿಲಿಗೆ ನೋಟಿಸ್ ಅಂಟುತ್ತಿತ್ತು. ಅಕ್ಕಪಕ್ಕದವರು ಕಿಟಕಿಯಿಂದ ನೋಡುತ್ತಿದ್ದರು.

ಇಂಥ ಭಯ ಬಹಳ ದಿನ ಬಾಳುವುದಿಲ್ಲ. ಜೊತೆಗೆ ಲೆಕ್ಕವೂ ಜನರ ಕಣ್ಣ ಮುಂದೆಯೇ ಇತ್ತು. ಲಾಕ್‌ಡೌನ್ ಶುರುವಾದಾಗ ರಾಜ್ಯದಲ್ಲಿ ಇದ್ದದ್ದು ಐವತ್ತರ ಆಸುಪಾಸಿನ ಪ್ರಕರಣ. ಜೂನ್ 8ಕ್ಕೆ ಹೋಟೆಲ್ ತೆರೆದಾಗ ಐದು ಸಾವಿರ ದಾಟಿತ್ತು. ಐವತ್ತಿದ್ದಾಗ ಎಲ್ಲ ಬಂದ್, ಐದು ಸಾವಿರ ಆದಾಗ ಎಲ್ಲ ಓಪನ್! ಆಸ್ಪತ್ರೆಗಳನ್ನು ಸಜ್ಜು ಮಾಡಿಕೊಳ್ಳಲು ಸಮಯ ಬೇಕಿತ್ತು, ಮುಚ್ಚಿದ್ದು ಅದಕ್ಕೆ ಎಂಬ ವಿವರಣೆ ಇತ್ತು. ಆದರೆ ಅದನ್ನು ಜನರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿದವರು ಬೆರಳೆಣಿಕೆಯಷ್ಟು. ಮುಚ್ಚಿದರೆ ರೋಗ ಹೋಗುತ್ತದೆ ಎಂದು ನಂಬಿದ್ದವರು ತೆರೆದಾಗ ರೋಗ ಹೋಯಿತು ಎಂದುಕೊಂಡರು. ಅದರಲ್ಲಿ ಅವರ ತಪ್ಪೇನಿದೆ?

ಮೇ 4ರಂದು ಮದ್ಯದಂಗಡಿ ಮುಂದೆ ನಿಂತ ಸಾಲು ಏನು ಹೇಳುತ್ತದೆ? ಜನಕ್ಕೆ ಶಿಸ್ತಿಲ್ಲ ಅಂತ ತಾನೇ?

ಆ ದಿನ ರಾಜ್ಯದಲ್ಲಿ 45 ಕೋಟಿ ರೂಪಾಯಿ ಮದ್ಯ ಮಾರಾಟವಾಯಿತು, ಮರುದಿನ 197 ಕೋಟಿ. ಟಿವಿಯವರು ದಿನವಿಡೀ ಅದನ್ನೇ ತೋರಿಸಿದರು. ನಲವತ್ತು ದಿನ ಮುಚ್ಚಿದ್ದನ್ನು ಒಂದೇ ಬೆಳಿಗ್ಗೆ ತೆರೆದರೆ ಸೀರೆ ಅಂಗಡಿ ಮುಂದೆಯೂ ಅಷ್ಟೇ ಸಾಲು ನಿಲ್ಲುತ್ತದೆ. ಎಷ್ಟೋ ಕಡೆ ಬೆಳಿಗ್ಗೆಯೇ ಕಂಬ ನೆಟ್ಟು, ಹಗ್ಗ ಕಟ್ಟಿ, ವೃತ್ತ ಬರೆದು ಸಾಲು ಸರಿಯಾಗಿಯೇ ನಡೆದಿತ್ತು. ಆ ದೃಶ್ಯಗಳನ್ನು ಯಾರೂ ಎರಡನೇ ಸಲ ತೋರಿಸಲಿಲ್ಲ.

ಲಾಕ್‌ಡೌನ್ ಘೋಷಣೆಯಾದಾಗಲೆಲ್ಲ ಬಸ್ ನಿಲ್ದಾಣದಲ್ಲಿ ನೂಕುನುಗ್ಗಲು ಆಗುತ್ತಿತ್ತಲ್ಲ, ಯಾಕೆ?

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಮಾತಾಡಿದರು, ನಡುರಾತ್ರಿಯಿಂದ ಎಲ್ಲ ಬಂದ್. ಮಧ್ಯೆ ಸಿಕ್ಕಿದ್ದು ನಾಲ್ಕು ಗಂಟೆ, ಮರುದಿನ ಹಬ್ಬ. ಜನ ಅಂಗಡಿಗೆ ಓಡದೆ ಇನ್ನೇನು ಮಾಡಬೇಕಿತ್ತು? ಜುಲೈನಲ್ಲಿ ಬೆಂಗಳೂರಿಗೆ ಒಂದು ವಾರದ ಬೀಗ ಎಂದು ಗೊತ್ತಾದ ಕೂಡಲೇ ತುಮಕೂರು ರಸ್ತೆಯಲ್ಲಿ ನೆಲಮಂಗಲದ ಟೋಲ್‌ವರೆಗೆ ಗಾಡಿಗಳು ನಿಂತವು. ಹಾಸಿಗೆ, ಗ್ಯಾಸ್ ಸಿಲಿಂಡರ್, ಮಿಕ್ಸಿ, ಮಕ್ಕಳು ಎಲ್ಲ ಒಂದೇ ಟೆಂಪೊದಲ್ಲಿ. ಬಾಡಿಗೆ ಕಟ್ಟಲಾಗದೆ ಮನೆಯನ್ನೇ ಖಾಲಿ ಮಾಡಿ ಹೊರಟವರು ಅವರು. 2021ರ ಏಪ್ರಿಲ್ 26ರಂದು 14 ದಿನದ ನಿರ್ಬಂಧ ಘೋಷಣೆಯಾದಾಗ ಮೆಜೆಸ್ಟಿಕ್‌ನಲ್ಲಿ ಮತ್ತದೇ ಆಯಿತು. ಆ ಬಸ್‌ಗಳಲ್ಲಿ ಸೋಂಕು ಊರೂರಿಗೂ ಹೋಯಿತು.

ಇನ್ನೊಂದು ಉದಾಹರಣೆ ನೋಡಿ. ಆ ನಿರ್ಬಂಧದಲ್ಲಿ ದಿನಸಿ, ತರಕಾರಿ ಕೊಳ್ಳಲು ಕೊಟ್ಟಿದ್ದು ಬೆಳಿಗ್ಗೆ 6ರಿಂದ 10. ಇಡೀ ದಿನ ಚದುರಿ ಹೋಗಿ ಬರುತ್ತಿದ್ದವರೆಲ್ಲ ನಾಲ್ಕು ಗಂಟೆಯಲ್ಲಿ ಒಟ್ಟಾಗಿ ಮಾರುಕಟ್ಟೆಗೆ ಬಂದರು. ಹತ್ತು ಗಂಟೆ ಹತ್ತಿರವಾದ ಹಾಗೆ ಒಂದು ಕಡೆ ಲಾಠಿ, ಇನ್ನೊಂದು ಕಡೆ "ಬೇಗ ಬೇಗ" ಎನ್ನುವ ವ್ಯಾಪಾರಿ. ಅಂತರಕ್ಕೆಂದು ಹೊರಡಿಸಿದ ಆದೇಶವೇ ಗುಂಪು ಸೇರಿಸಿತು, ಬೈಸಿಕೊಂಡವರು ಮಾತ್ರ ಗುಂಪಿನಲ್ಲಿ ನಿಂತವರು.

ಆರು ಅಡಿಯೋ, ಮೂರು ಅಡಿಯೋ? ಸರಿಯಾದ ಅಳತೆ ಯಾವುದು?

ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ ಒಂದು ಮೀಟರ್ ಎಂದಿತು. ನಮ್ಮ ಕೇಂದ್ರ ಗೃಹ ಸಚಿವಾಲಯ ಆರು ಅಡಿ ಎಂದಿತು. 2020ರ ಜೂನ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅವಲೋಕನದ ಪ್ರಕಾರ ಒಂದು ಮೀಟರ್ ಅಂತರದಿಂದಲೇ ಅಪಾಯ ಸಾಕಷ್ಟು ತಗ್ಗುತ್ತದೆ, ಇನ್ನೂ ದೂರ ನಿಂತರೆ ಇನ್ನೂ ಒಳ್ಳೆಯದು. ಆದರೆ ಮುಚ್ಚಿದ ಕೋಣೆಯಲ್ಲಿ ಸೋಂಕು ಹೊಗೆಯ ಹಾಗೆ ಗಾಳಿಯಲ್ಲಿ ತೇಲುತ್ತದೆ, ಅಲ್ಲಿ ಅಡಿ ಲೆಕ್ಕ ನಡೆಯುವುದಿಲ್ಲ. ಬಯಲಿನ ಸಂತೆಗಿಂತ ಏಸಿ ಹಾಕಿ ಕಿಟಕಿ ಮುಚ್ಚಿದ ಕಲ್ಯಾಣ ಮಂಟಪ ಹೆಚ್ಚು ಅಪಾಯದ ಜಾಗ. ಈ ಒಂದು ವಿಷಯವನ್ನು ಮೊದಲೇ ಗಟ್ಟಿಯಾಗಿ ಹೇಳಿದ್ದಿದ್ದರೆ ಉದ್ಯಾನದಲ್ಲಿ ನಡೆಯುವವರನ್ನು ಅಟ್ಟುವ ಬದಲು ಬಸ್ಸಿನ ಕಿಟಕಿ ತೆಗೆಸಬಹುದಿತ್ತು.

ಪಡಿತರದ ಸಾಲಿನಲ್ಲಿ ವೃತ್ತ ಬರೆದಿದ್ದರೂ ಜನ ಅದರೊಳಗೆ ನಿಲ್ಲಲಿಲ್ಲ ಎನ್ನುತ್ತಾರೆ. ನಿಜವೇ?

ನಿಜ. ನಾನು ಕಂಡ ನ್ಯಾಯಬೆಲೆ ಅಂಗಡಿ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳು ರಸ್ತೆ ತಿರುವಿನವರೆಗೂ ಇದ್ದವು. ಒಂದೊಂದು ವೃತ್ತದಲ್ಲಿ ಒಂದೊಂದು ಸಾಮಾನು. ಮಡಿಚಿಟ್ಟ ಸಿಮೆಂಟ್ ಚೀಲ, ಒಂಟಿ ಹವಾಯಿ ಚಪ್ಪಲಿ, ಕಲ್ಲು ಹೇರಿದ ರೇಷನ್ ಕಾರ್ಡಿನ ಜೆರಾಕ್ಸ್. ಚೀಲಗಳ ಒಡತಿಯರು ಎದುರಿನ ಹೊಂಗೆ ಮರದ ಕೆಳಗೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಏಪ್ರಿಲ್ ಬಿಸಿಲು, ಅಕ್ಕಿ ಬರುವುದು ಎಷ್ಟು ಹೊತ್ತಿಗೋ ಯಾರಿಗೂ ಗೊತ್ತಿಲ್ಲ, ಇಡೀ ರಸ್ತೆಗೆ ಇದ್ದದ್ದು ಆ ಒಂದೇ ನೆರಳು. ವೃತ್ತ ಬರೆದವರು ಸಾಲಿನ ಬಗ್ಗೆ ಯೋಚಿಸಿದ್ದರು, ಕಾಯುವ ಮನುಷ್ಯರ ಬಗ್ಗೆ ಯೋಚಿಸಿರಲಿಲ್ಲ. ಒಂದು ಶಾಮಿಯಾನ ಹಾಕಿಸಿ, ಓಣಿಗೊಂದು ಹೊತ್ತು ಗೊತ್ತು ಮಾಡಿದ್ದರೆ ಆ ಹೆಂಗಸರು ಖಂಡಿತ ದೂರ ದೂರ ಕೂರುತ್ತಿದ್ದರು.

ವಠಾರದ ಒಂದೇ ಕೋಣೆಯ ಮನೆಯಲ್ಲಿ ಇರುವವರು ಅಂತರ ಕಾಯುವುದು ಹೇಗೆ?

ಸಾಧ್ಯವಿರಲಿಲ್ಲ. ಐದು ಜನ ಒಂದೇ ಕೋಣೆಯಲ್ಲಿ ಮಲಗಿ, ನಾಲ್ಕು ಮನೆಗೆ ಒಂದು ಶೌಚಾಲಯ ಬಳಸುವವರಿಗೆ "ಪ್ರತ್ಯೇಕ ಕೋಣೆಯಲ್ಲಿರಿ" ಎಂಬ ಸಲಹೆಯಿಂದ ಏನೂ ಉಪಯೋಗವಿಲ್ಲ. ಕೆಲಸದ ಕಡೆಯೂ ಇದೇ ಕಥೆ. 2020ರ ಮೇ 19ಕ್ಕೆ ಬಿಎಂಟಿಸಿ ಬಸ್ ಮತ್ತೆ ಓಡಿದಾಗ ಕೆಲ ದಿನ ಟಿಕೆಟ್ ಇಲ್ಲ, 70 ರೂಪಾಯಿಯ ದಿನದ ಪಾಸ್ ಮಾತ್ರ. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಅದು ಕೈಗೆಟುಕುವ ದುಡ್ಡಲ್ಲ. ಅವರು ನಡೆದರು, ಇಲ್ಲವೇ ಶೇರ್ ಆಟೊದಲ್ಲಿ ಒತ್ತೊತ್ತಾಗಿ ಕೂತು ಹೋದರು. ವಿರೋಧ ಬಂದ ಮೇಲೆ ಟಿಕೆಟ್ ಮತ್ತೆ ಬಂತು.

ಸೋಂಕು ಎಷ್ಟು ಹರಡಿತ್ತು ಎಂಬುದಕ್ಕೆ ಒಂದು ಲೆಕ್ಕ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರವೇ ನಡೆಸಿದ ಸಮೀಕ್ಷೆ ಪ್ರಕಾರ ರಾಜ್ಯದ ಶೇ 27.3 ಮಂದಿಗೆ, ಅಂದರೆ ಸುಮಾರು 1.93 ಕೋಟಿ ಜನರಿಗೆ, ಸೋಂಕು ಬಂದು ಹೋಗಿತ್ತು ಅಥವಾ ಇತ್ತು. ಪರೀಕ್ಷೆಯಲ್ಲಿ ಸಿಕ್ಕವರು ಆಗ ಐದು ಲಕ್ಷದ ಆಸುಪಾಸು. ಉಳಿದವರಿಗೆ ತಮಗೆ ಬಂದದ್ದೇ ತಿಳಿದಿರಲಿಲ್ಲ, ಅಥವಾ ತಿಳಿದರೂ ಹೇಳಿಕೊಳ್ಳುವ ಧೈರ್ಯ ಇರಲಿಲ್ಲ.

ಹಳ್ಳಿಗಳಲ್ಲಿ ರಸ್ತೆಗೆ ಮುಳ್ಳು ಹಾಕಿದ್ದು ಸರಿಯೇ?

ಬೆಂಗಳೂರು, ಮುಂಬೈಯಿಂದ ಬರುವವರನ್ನು ತಡೆಯಲು ಜಾಲಿ ಮುಳ್ಳು ಅಡ್ಡ ಹಾಕಿದರು, ಕೆಲವೆಡೆ ಜೆಸಿಬಿಯಿಂದ ಗುಂಡಿ ತೋಡಿದರು. ಹತ್ತಿರದ ಆಸ್ಪತ್ರೆ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರ ಇರುವ ಊರಿನವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಆ ಮುಳ್ಳು ಆಂಬುಲೆನ್ಸ್‌ನ್ನೂ ತಡೆಯಿತು. ಅದು ತಪ್ಪು.

ದೂರ ನಿಲ್ಲು ಎಂಬ ಮಾತು ಜಾತಿಯ ಹಳೆಯ ಅಭ್ಯಾಸಕ್ಕೆ ಬಲ ಕೊಟ್ಟಿತೇ?

ಕೊಟ್ಟಿತು. "ನಮ್ಮ ಹಿರಿಯರ ಮಡಿ ಈಗ ವಿಜ್ಞಾನ ಅಂತ ಸಾಬೀತಾಯಿತು" ಎಂಬ ವಾಟ್ಸ್‌ಆ್ಯಪ್ ಸಂದೇಶಗಳು ಎಲ್ಲರ ಫೋನಿಗೂ ಬಂದಿದ್ದವು. ಸೋಂಕು ಜಾತಿ ನೋಡಿ ಬರುವುದಿಲ್ಲ. ಮಡಿ ಜಾತಿ ನೋಡಿಯೇ ನಡೆಯುತ್ತಿದ್ದದ್ದು. ಎರಡನ್ನೂ ಒಂದು ಮಾಡಿದವರು ಕಾಯಿಲೆಯ ನೆಪದಲ್ಲಿ ತಮಗೆ ಬೇಕಾದ್ದನ್ನು ವಾಪಸ್ ತಂದರು. ಎಷ್ಟೋ ಅಪಾರ್ಟ್‌ಮೆಂಟ್‌ಗಳು ಮನೆಕೆಲಸದವರನ್ನು ಗೇಟಿನಲ್ಲೇ ನಿಲ್ಲಿಸಿದವು, ಆಮೇಲೆ ಒಳಗೆ ಬಿಟ್ಟರೂ ಲಿಫ್ಟ್ ಬೇರೆ ಮಾಡಿದವು. ಅವರಿಗೆ ಬೇಡವೆಂದ ಲಿಫ್ಟ್‌ನಲ್ಲೇ ಕೊರಿಯರ್ ಡಬ್ಬದ ಜೊತೆ ಬಂದವರನ್ನು ಯಾರೂ ಕೇಳುತ್ತಿರಲಿಲ್ಲ.

ಮುಸ್ಲಿಂ ತರಕಾರಿ ವ್ಯಾಪಾರಿಗಳನ್ನು ಊರೊಳಗೆ ಬಿಡಬೇಡಿ ಎಂಬ ಮಾತೂ 2020ರ ಏಪ್ರಿಲ್‌ನಲ್ಲಿ ಹಬ್ಬಿತು. ಎಲ್ಲೋ ನಡೆದ ಘಟನೆಗೆ ಇಡೀ ಸಮುದಾಯವನ್ನು ದೂರಿದರೆ ಕ್ರಮ ತೆಗೆದುಕೊಳ್ಳುತ್ತೇನೆ ಎಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಬಹಿರಂಗವಾಗಿ ಎಚ್ಚರಿಸಬೇಕಾಯಿತು. ಅವರು ಹಾಗೆ ಹೇಳಿದ್ದು ಒಳ್ಳೆಯದಾಯಿತು.

ಅಂತರ ಸರಿಯಾಗಿ ಪಾಲನೆಯಾದ ದೊಡ್ಡ ಉದಾಹರಣೆ ಏನಾದರೂ ಇದೆಯೇ?

ಇದೆ. 2020ರ ಜೂನ್ 25ರಿಂದ ಜುಲೈ 4ರವರೆಗೆ ನಡೆದ ಎಸ್ಸೆಸ್ಸೆಲ್ಸಿ ಪರೀಕ್ಷೆ. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ನೋಂದಾಯಿಸಿದ್ದರು, ಪಕ್ಕದ ತೆಲಂಗಾಣ, ತಮಿಳುನಾಡು, ಆಂಧ್ರ ಪರೀಕ್ಷೆಯನ್ನೇ ಕೈಬಿಟ್ಟಿದ್ದವು. ಅದಕ್ಕೆ ಒಂದು ವಾರ ಮೊದಲು, ಜೂನ್ 18ರಂದು ಪಿಯುಸಿ ಇಂಗ್ಲಿಷ್ ಪರೀಕ್ಷೆಯ ದಿನ ಕೇಂದ್ರಗಳ ಗೇಟಿನ ಮುಂದೆ ಮಕ್ಕಳು ಗುಂಪುಗೂಡಿದ್ದನ್ನು ಎಲ್ಲರೂ ನೋಡಿದ್ದರು. ಆ ವಾರದಲ್ಲಿ ಪಾಠ ಕಲಿತರು. ಮಕ್ಕಳನ್ನು ಬೇಗ ಒಳಗೆ ಬಿಟ್ಟರು, ಕೋಣೆಗೆ ಇಪ್ಪತ್ತರ ಒಳಗೆ ಕೂರಿಸಿದರು, ಜ್ವರ ಇದ್ದವರಿಗೆ ಬೇರೆ ಕೋಣೆ ಮಾಡಿದರು. ಮೇಷ್ಟ್ರುಗಳು, ಆಶಾ ಕಾರ್ಯಕರ್ತೆಯರು, ಸ್ಕೌಟ್ಸ್ ಮಕ್ಕಳು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಕಳಿಸಿದರು. ಹಾಜರಾತಿ ಕುಸಿಯಲಿಲ್ಲ. ಅದೇ ಮಕ್ಕಳು, ಅದೇ ಊರುಗಳು, ಬದಲಾದದ್ದು ಏರ್ಪಾಡು ಮಾತ್ರ.

ಮಾಸ್ಕ್ ದಂಡದಿಂದ ಉಪಯೋಗವಾಯಿತೇ?

ದಂಡದ ಮೊತ್ತಕ್ಕಿಂತ ಅದನ್ನು ಎತ್ತಿ ಇಳಿಸಿದ ರೀತಿ ಜನರ ಮನಸ್ಸಿನಲ್ಲಿ ಉಳಿಯಿತು. 200 ರೂಪಾಯಿ ಇದ್ದದ್ದನ್ನು 2020ರ ಅಕ್ಟೋಬರ್ ಮೊದಲ ವಾರ ನಗರಗಳಲ್ಲಿ 1,000ಕ್ಕೆ ಏರಿಸಿದರು. ದಿನಗೂಲಿಯವರ ಎರಡು ದಿನದ ದುಡಿಮೆ ಅದು. ದಂಡ ಹಾಕುವ ಪಾಲಿಕೆಯ ಮಾರ್ಷಲ್‌ಗಳ ಜೊತೆ ಬೀದಿ ಬೀದಿಯಲ್ಲಿ ಜಗಳವಾಯಿತು, ವಾರದೊಳಗೆ 250ಕ್ಕೆ ಇಳಿಯಿತು. ಅದೇ ವರ್ಷ ಡಿಸೆಂಬರ್ 23ರಂದು ಘೋಷಿಸಿದ ರಾತ್ರಿ ಕರ್ಫ್ಯೂವನ್ನು ಮರುದಿನವೇ ವಾಪಸ್ ತೆಗೆದುಕೊಂಡರು. 2021ರ ಫೆಬ್ರುವರಿಯಲ್ಲಿ ಚಿತ್ರಮಂದಿರಕ್ಕೆ ಅರ್ಧ ಸೀಟು ಎಂದವರು ಚಿತ್ರರಂಗದವರ ಒತ್ತಾಯಕ್ಕೆ ಪೂರ್ತಿ ಸೀಟು ಎಂದರು. ತಪ್ಪು ತಿದ್ದಿಕೊಂಡಿದ್ದರಲ್ಲಿ ಕೆಟ್ಟದ್ದೇನಿಲ್ಲ. ಆದರೆ ಕಾರಣ ಹೇಳದೆ ಬದಲಿಸಿದಾಗ ನಿಯಮದ ಹಿಂದೆ ವೈದ್ಯರ ಮಾತಿದೆ ಎಂಬ ನಂಬಿಕೆ ಹೋಗುತ್ತದೆ.

ಮಂತ್ರಿಗಳು, ಪಕ್ಷಗಳು ನಿಯಮ ಪಾಲಿಸಿದ್ದರೆ ಜನರೂ ಪಾಲಿಸುತ್ತಿದ್ದರೇ?

ಹೆಚ್ಚು ಪಾಲಿಸುತ್ತಿದ್ದರು. ಮದುವೆಗೆ 50 ಜನ ಎಂದು ಹೇಳಿ, ನೆಂಟರಿಗೆ ಫೋನ್ ಮಾಡಿ "ದಯವಿಟ್ಟು ಬರಬೇಡಿ, ಮನೆಯಿಂದಲೇ ಆಶೀರ್ವಾದ ಮಾಡಿ" ಎಂದು ಕೇಳಿಕೊಂಡ ಅಪ್ಪಂದಿರು ಅದೇ ಸಂಜೆ ಟಿವಿಯಲ್ಲಿ ಸಮಾವೇಶ ನೋಡಿದರು. ಬೆಳಗಾವಿಯಲ್ಲಿ 2021ರ ಜನವರಿ 17ರಂದು ಆಗಿನ ಆಡಳಿತ ಪಕ್ಷ ಬಿಜೆಪಿ ಸಾವಿರಾರು ಜನರನ್ನು ಸೇರಿಸಿತು. 2022ರ ಜನವರಿ 9ರಂದು, ವಾರಾಂತ್ಯದ ಕರ್ಫ್ಯೂ ಇದ್ದಾಗಲೇ, ಆಗಿನ ವಿರೋಧ ಪಕ್ಷ ಕಾಂಗ್ರೆಸ್ ಮೇಕೆದಾಟು ಪಾದಯಾತ್ರೆ ಹೊರಟಿತು. ಹೈಕೋರ್ಟ್ ಕೇಳಿದ ಮೇಲೆ ನಾಲ್ಕೈದು ದಿನಕ್ಕೆ ನಿಂತಿತು. ಎರಡೂ ಕಡೆಯವರು ಜನರ ಮುಂದೆ ಒಂದೇ ತಪ್ಪು ಮಾಡಿದರು.

ಸಾವಿನ ಮನೆಗೆ ಹೋಗದೆ ಇದ್ದದ್ದನ್ನು ಜನ ಹೇಗೆ ತಡೆದುಕೊಂಡರು?

ತಡೆದುಕೊಳ್ಳಲಿಲ್ಲ ಎಂದೇ ಹೇಳಬೇಕು. ಮದುವೆಯನ್ನು ಚಿಕ್ಕದು ಮಾಡಿದ್ದಕ್ಕೆ ಎಷ್ಟೋ ಮನೆಗಳು ಒಳಗೊಳಗೇ ಖುಷಿಪಟ್ಟವು, ಸಾಲ ತಪ್ಪಿತು. ಸಾವಿನಲ್ಲಿ ಹಾಗಲ್ಲ. ಮುಖ ನೋಡದೆ, ಬಾಯಿಗೆ ನೀರು ಬಿಡದೆ, ಮಣ್ಣು ಹಾಕದೆ ಕಳಿಸಿದ್ದು ಇವತ್ತಿಗೂ ಮಾತಾಡಲಾಗದ ನೋವು. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆದ ವಿಡಿಯೊ ಹೊರಬಂದು ಜಿಲ್ಲಾಡಳಿತ ಕ್ಷಮೆ ಕೇಳಿತು. ಆ ವಿಡಿಯೊ ನೋಡಿದ ಮೇಲೆ ಎಷ್ಟೋ ಜನ ಜ್ವರ ಬಂದರೂ ಪರೀಕ್ಷೆಗೆ ಹೋಗಲಿಲ್ಲ; ಸತ್ತರೆ ಮನೆಯವರ ಕೈಯಲ್ಲಿ ಸಾಯೋಣ ಎಂದರು. 2021ರ ಜೂನ್‌ನಲ್ಲಿ ಯಾರೂ ಒಯ್ಯದೆ ಬೆಂಗಳೂರಿನ ಚಿತಾಗಾರಗಳಲ್ಲಿ ಉಳಿದಿದ್ದ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ಬಿಟ್ಟಿತು. ಒಯ್ಯದವರಲ್ಲಿ ಕೆಲವರು ತಾವೇ ಆಸ್ಪತ್ರೆಯಲ್ಲಿದ್ದರು, ಕೆಲವರು ಹೆದರಿದ್ದರು. ಅವರನ್ನು ಕಲ್ಲು ಹೃದಯದವರು ಎನ್ನಲು ನನಗೆ ಮನಸ್ಸು ಬಾರದು.

ಎರಡನೇ ಅಲೆಗೆ ಜನರ ಅಸಡ್ಡೆಯೇ ಕಾರಣವೇ?

ಪಾಲು ಇದೆ. ಸಂಕ್ರಾಂತಿ ಹೊತ್ತಿಗೆ ಮಾಸ್ಕ್ ಗದ್ದಕ್ಕೆ ಇಳಿದಿತ್ತು. ಅದಕ್ಕಿಂತ ದೊಡ್ಡ ಕಾರಣ ಡೆಲ್ಟಾ ತಳಿ, ಹಿಂದಿನದಕ್ಕಿಂತ ಬಹಳ ಬೇಗ ಹರಡುವಂಥದ್ದು. ಅಂಥ ಹೊತ್ತಿನಲ್ಲೇ ಬೆಳಗಾವಿ, ಮಸ್ಕಿ, ಬಸವಕಲ್ಯಾಣದ ಉಪಚುನಾವಣೆ ಪ್ರಚಾರ ನಡೆಯಿತು, ಏಪ್ರಿಲ್ 17ಕ್ಕೆ ಮತದಾನ. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಪ್ರಕರಣ ದಾಖಲಾದವು. ಆ ವಾರ ಹಾಸಿಗೆ, ಆಮ್ಲಜನಕಕ್ಕಾಗಿ ಪರದಾಡಿದವರಲ್ಲಿ ವರ್ಷವಿಡೀ ಮನೆ ಬಿಟ್ಟು ಹೊರಬರದ ಹಿರಿಯರೂ ಇದ್ದರು.

ಮಕ್ಕಳ ಶಾಲೆ ಎಲ್ಲಕ್ಕಿಂತ ತಡವಾಗಿ ತೆರೆದದ್ದು ಏಕೆ?

ಮಕ್ಕಳಿಂದ ಅಜ್ಜ ಅಜ್ಜಿಗೆ ಹರಡುತ್ತದೆ ಎಂಬ ಹೆದರಿಕೆ. ಮೊದಲ ತಿಂಗಳುಗಳಲ್ಲಿ ಅದು ಸಹಜವಾಗಿತ್ತು. ಆದರೆ 1ರಿಂದ 5ನೇ ತರಗತಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟರಲ್ಲಿ ಮಾಲ್, ಬಾರ್, ಚಿತ್ರಮಂದಿರ ಎಲ್ಲ ಎರಡೆರಡು ಸಲ ತೆರೆದಿದ್ದವು. ಫೋನ್ ಇಲ್ಲದ ಮನೆಯ ಮಗು ಒಂದೂವರೆ ವರ್ಷ ಅಕ್ಷರದ ಮುಖ ನೋಡಲಿಲ್ಲ. ಮರದ ಕೆಳಗೆ, ದೇವಸ್ಥಾನದ ಜಗಲಿಯಲ್ಲಿ ಪಾಠ ಹೇಳಿದ ಸರ್ಕಾರದ ವಿದ್ಯಾಗಮ ಯೋಜನೆಯ ಮೇಷ್ಟ್ರುಗಳಿಗೆ ಈ ನಾಡು ಋಣಿ.

ಎಲ್ಲ ಮೊದಲಿನಂತಾಯಿತೇ? ಏನಾದರೂ ಉಳಿಯಿತೇ?

ದರ್ಶಿನಿಗಳಲ್ಲಿ ಬೈಟು ಕಾಫಿ ವಾಪಸ್ ಬಂತು, ನಿಂತು ತಿನ್ನುವ ಮೇಜಿನ ಸುತ್ತ ಮತ್ತೆ ನಾಲ್ಕು ಜನ. 2020ರ ಮೈಸೂರು ದಸರಾ ಮೆರವಣಿಗೆ ಅರಮನೆ ಆವರಣದೊಳಗೆ ಕೇವಲ 300 ಜನರ ಮುಂದೆ ನಡೆದಿತ್ತು. ಈಗ ಬನ್ನಿಮಂಟಪದ ದಾರಿಯುದ್ದಕ್ಕೂ ಮರ ಹತ್ತಿ ನೋಡುವವರಿದ್ದಾರೆ. ನನಗೆ ಅದು ಸಂತೋಷವೇ. ತಳ್ಳುಗಾಡಿಯ ಕ್ಯೂಆರ್ ಕೋಡ್ ಉಳಿಯಿತು. ಐಟಿಯವರಿಗೆ ಮನೆಯಿಂದ ಕೆಲಸ ಅಷ್ಟಿಷ್ಟು ಉಳಿಯಿತು. 2021ರ ಆಗಸ್ಟ್‌ನಲ್ಲಿ ಹೊರವರ್ತುಲ ರಸ್ತೆಯ ಕಂಪನಿಗಳಿಗೆ ಮೆಟ್ರೊ ಕಾಮಗಾರಿ ಕಾರಣಕ್ಕೆ ಅದನ್ನೇ ಮುಂದುವರಿಸಿ ಎಂದು ಸರ್ಕಾರವೇ ಸಲಹೆ ಕೊಟ್ಟಿತ್ತು. ಸುಣ್ಣದ ವೃತ್ತಗಳು ಒಂದು ಮಳೆಗಾಲಕ್ಕೆ ಅಳಿಸಿಹೋದವು.

ಈಗ ಮನೆಯಲ್ಲಿ ಯಾರಿಗಾದರೂ ಕೆಮ್ಮು, ಜ್ವರ ಬಂದರೆ ಅಂತರ ಬೇಕೇ?

ಬೇಕು, ಕೋವಿಡ್ ಇರಲಿ, ಮಾಮೂಲಿ ಫ್ಲೂ ಇರಲಿ. ಕಿಟಕಿ ತೆಗೆದಿಡಿ. ಹುಷಾರಿಲ್ಲದವರು ಮಾಸ್ಕ್ ಹಾಕಲಿ, ವಯಸ್ಸಾದವರ ಮತ್ತು ಎಳೆ ಮಕ್ಕಳ ಹತ್ತಿರ ಕೆಲವು ದಿನ ಹೋಗದಿರಲಿ. ಉಸಿರಾಟಕ್ಕೆ ಕಷ್ಟವಾದರೆ ಕಾಯದೆ ವೈದ್ಯರ ಬಳಿ ಹೋಗಿ. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ ಕೆಲಸಕ್ಕೆ ಬರುವವರು ಕೆಮ್ಮುತ್ತಿದ್ದರೆ ಸಂಬಳ ಹಿಡಿಯದೆ ರಜೆ ಕೊಡಿ. ಇಲ್ಲದಿದ್ದರೆ ಅವರು ಮಾತ್ರೆ ನುಂಗಿಕೊಂಡು ನಾಳೆ ಬಂದೇ ಬರುತ್ತಾರೆ.